ಲೇಬಲ್‌ನಲ್ಲಿ ಹೆಸರಿಲ್ಲದ ಹಾಸ್ಯಗಾರರು: ಕ್ಯಾಸೆಟ್ ಕೆಲಸ ಎಲ್ಲಿಗೆ ಬಂತು

ಜೂನ್, ಮೊದಲ ವಾರ

ಸೋದರಮಾವ ತೀರಿಕೊಂಡ ಮೇಲೆ ಅತ್ತೆ ಅಟ್ಟದಿಂದ ಮೂರು ಬಿಸ್ಕತ್ತಿನ ಡಬ್ಬಿ ಇಳಿಸಿ ಕೊಟ್ಟರು. ಒಳಗೆ 43 ಕ್ಯಾಸೆಟ್, ಎಲ್ಲವೂ ಆಟದ್ದು, ಅಂದರೆ ಯಕ್ಷಗಾನದ್ದು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಕುಂಬಳೆ ಸುತ್ತಿನ ಯಾವ ಗದ್ದೆಯಲ್ಲಿ ಆಟವಿದ್ದರೂ ಮಾವ ಸಂಜೆಗೇ ಟೇಪ್ ರೆಕಾರ್ಡರ್, ಸೆಲ್, ಚಾಪೆ ಕಟ್ಟಿಕೊಂಡು ಹೊರಡುತ್ತಿದ್ದರು. ರಂಗಸ್ಥಳದ ಎದುರು ಎರಡನೇ ಸಾಲಿನಲ್ಲಿ ಕೂತು ಬೆಳಗಿನವರೆಗೆ ಕ್ಯಾಸೆಟ್ ತಿರುವಿ ಹಾಕುತ್ತಿದ್ದರು. ಚಿಕ್ಕವನಿದ್ದಾಗ ನಾನು ಆ ಚಾಪೆಯ ಮೇಲೆ ನಿದ್ದೆ ಹೋದದ್ದೇ ಹೆಚ್ಚು. ಹಾಸ್ಯಗಾರರು ಬಂದಾಗ ಮಾತ್ರ ಮಾವ ತಟ್ಟಿ ಎಬ್ಬಿಸುತ್ತಿದ್ದರು.

ಲೇಬಲ್‌ಗಳನ್ನೆಲ್ಲ ಓದಿ ಪಟ್ಟಿ ಮಾಡಿದೆ. ಪ್ರಸಂಗದ (ಆಡುವ ಕಥೆಯ) ಹೆಸರು, ಊರು, ಹಾಡುವ ಭಾಗವತರು, ರಾಜವೇಷ, ರಾಕ್ಷಸರ ಬಣ್ಣದ ವೇಷ ಎಲ್ಲ ನೀಟಾಗಿ ಬರೆದಿದೆ. ಹಾಸ್ಯಗಾರರ ಹೆಸರಿರುವುದು ಐದರಲ್ಲಿ ಮಾತ್ರ. ಉಳಿದವುಗಳ ಮೂಲೆಯಲ್ಲಿ 'ಹಾಸ್ಯ ಲಾಯಕ್ಕಾಗಿದೆ' ಎಂದಷ್ಟೇ. ಮಾವನಿಗೆ ಸ್ವರ ಕೇಳಿದರೆ ಸಾಕಿತ್ತು, ಬರೆದಿಡಬೇಕೆಂದು ಅನಿಸಿರಲಿಕ್ಕಿಲ್ಲ. ಹೆಸರಾಂತ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಯಾವ ಪಾತ್ರಕ್ಕೆ ಏನು ಅರ್ಥ, ಅಂದರೆ ಮಾತು, ಹೇಳಿದರೆಂದು ನಮ್ಮೂರಿನಲ್ಲಿ ಈಗಲೂ ಚರ್ಚೆಯಾಗುತ್ತದೆ. ಅದೇ ರಾತ್ರಿ ಊರನ್ನೆಲ್ಲ ನಗಿಸಿದವರು ಯಾರೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನನಗೆ ಇದು ಸರಿ ಕಾಣುವುದಿಲ್ಲ. ಹಾಗಾಗಿ ಈ ಮಳೆಗಾಲದ ಕೆಲಸ ಇದು: ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು, ಹಾಸ್ಯದ ಭಾಗಗಳನ್ನು ಗುರುತಿಸುವುದು, ಪ್ರತಿಯೊಂದಕ್ಕೂ ಹೆಸರು ಹುಡುಕುವುದು.

ಜೂನ್ ಕೊನೆ

ಕೆಲಸ ನಿಧಾನ. ಹಳೆಯ ಡೆಕ್‌ನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗಾಗಿತ್ತು. ತರಿಸಿದ ಹೊಸ ಬೆಲ್ಟ್ ಅಳತೆ ತಪ್ಪಿ, ಇನ್ನೊಂದು ಬರಲು ಹತ್ತು ದಿನ ಹೋಯಿತು. ಒಂಬತ್ತು ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿದಿದೆ. ಅವನ್ನು ಹಾಗೆಯೇ ಓಡಿಸಿದರೆ ಟೇಪ್ ಓದುವ ಹೆಡ್‌ಗೆ ಬೂಷ್ಟು ಅಂಟಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ, ಬೇರೆಯೇ ಇಟ್ಟಿದ್ದೇನೆ. ಪ್ರತಿ ಕ್ಯಾಸೆಟ್‌ಗೂ ಹೆಡ್‌ನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಹಿಮ್ಮೇಳದ ಚಕ್ರತಾಳದ ಸದ್ದು ಅತಿ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸುತ್ತೇನೆ. ತೊಂಬತ್ತು ನಿಮಿಷದ ಒಂದು ಸಿ-90 ಕ್ಯಾಸೆಟ್ ಮೋನೋದಲ್ಲಿ ಸುಮಾರು 475 ಎಂಬಿ ಆಗುತ್ತದೆ.

ಗರಗರ ಸದ್ದು ಕಡಿಮೆ ಮಾಡಲು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಒಮ್ಮೆ ನೋಡಿದೆ. ಮಾತು ಸ್ವಚ್ಛವಾಯಿತು, ಜನರ ನಗು ಮಾತ್ರ ತಗಡು ಬಡಿದಂತಾಯಿತು. ಹಾಸ್ಯಗಾರರು ಒಂದು ಮಾತು ಬಿಟ್ಟು, ನಗು ಏರುವುದನ್ನು ಕಾದು, ಅದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಮಾತು ಹಾಕುತ್ತಾರೆ. ಆ ನಗು ಹಾಳಾದರೆ ಅವರು ಯಾಕೆ ಕಾದರೆಂಬುದೇ ಗೊತ್ತಾಗುವುದಿಲ್ಲ. ಗರಗರ ಇರಲಿ ಎಂದು ತೀರ್ಮಾನಿಸಿದ್ದೇನೆ. ಚರುಂಬುರಿಯವನ ಡಬ್ಬಿಯ ಸದ್ದೂ ಇರಲಿ.

ಜುಲೈ, ಎರಡನೇ ಭಾನುವಾರ

ಮೊದಲ ಬಾರಿಗೆ ಎಲ್ಲರೂ ಕೂತು ಕೇಳಿದೆವು. ನಮ್ಮ ಜಗಲಿಯಲ್ಲಿ ಹನ್ನೊಂದು ಜನ. ಎಂಬತ್ತು ದಾಟಿದ ನೆರೆಮನೆಯ ಅಜ್ಜ, ಅವರ ಜೊತೆ ಆಟ ನೋಡುತ್ತಿದ್ದ ಇಬ್ಬರು, ನನ್ನ ಭಾವ, ಕೆಲವು ಮಕ್ಕಳು. ಶಾಲೆಯಲ್ಲಿ ಮಲಯಾಳಂ ಓದುವ ಇಬ್ಬರಿಗೆ, ಕ್ಯಾಸೆಟ್‌ನಲ್ಲಿ ಹಾಸ್ಯಗಾರರು ಆಡಿದ ಅಗಸನ ಮಾತಿನ ಅರ್ಧ ಅರ್ಥವಾಗಲಿಲ್ಲ. ಆದರೂ ಕಂಸನ ಬಟ್ಟೆ ಕೊಡುವುದಿಲ್ಲವೆಂದು ಅವನು ಕೃಷ್ಣನ ಎದುರು ಹಟ ಹಿಡಿಯುವಲ್ಲಿ ಎಲ್ಲರಿಗಿಂತ ಮೊದಲು ನಕ್ಕವರು ಅವರೇ.

ಅಜ್ಜನಿಂದ ಅವತ್ತು ಕಲಿತದ್ದು ಇನ್ನೊಂದು. ಹನ್ನೊಂದನೇ ಕ್ಯಾಸೆಟ್‌ನಲ್ಲಿ ಒಬ್ಬ ದೂತ ಒಂಬತ್ತು ನಿಮಿಷ ಒಬ್ಬನೇ ಮಾತಾಡುತ್ತಾನೆ. ದಾರಿಯ ಬಗ್ಗೆ, ಹಸಿವಿನ ಬಗ್ಗೆ, ತನ್ನ ಹೆಂಡತಿಯ ಬಗ್ಗೆ. ಪ್ರಸಂಗಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಅದನ್ನು ಎಳೆದಾಟ ಎಂದುಕೊಂಡಿದ್ದೆ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದವರು, "ಚೌಕಿಯಲ್ಲಿ ವೇಷ ಆಗಲಿಲ್ಲ ಮಾರಾಯ, ಇವ ಹಿಡಿದು ನಿಲ್ಲಿಸಿದ್ದು" ಎಂದರು. ಚೌಕಿ ಎಂದರೆ ವೇಷ ಕಟ್ಟುವ ಜಾಗ; ಮುಂದಿನ ವೇಷ ಸಿದ್ಧವಾಗುವವರೆಗೆ ಇವನು ರಂಗ ಹಿಡಿದು ನಿಂತದ್ದು. ಮತ್ತೆ ಕೇಳಿದರೆ ಹೌದು. ಒಂಬತ್ತನೇ ನಿಮಿಷಕ್ಕೆ ದೂರದಿಂದ ಗೆಜ್ಜೆ ಕೇಳುತ್ತದೆ. ಅಷ್ಟರಲ್ಲಿ ಅವನು ಎರಡೇ ವಾಕ್ಯದಲ್ಲಿ ಕಥೆಗೆ ಮರಳಿ, ಬರುವವನ ಹೆಸರನ್ನೇ ಕೊನೆಯ ಮಾತಾಗಿ ಇಟ್ಟು, ಭಾಗವತರಿಗೆ ಪದ ಎತ್ತಲು ಜಾಗ ಮಾಡಿಕೊಡುತ್ತಾನೆ. ಎಲ್ಲರ ಪಾತ್ರವೂ ಪದವೂ ಬಾಯಿಗೆ ಬಾರದವನಿಗೆ ಇದು ಸಾಧ್ಯವಿಲ್ಲ. ಹಳಬರು ಹಾಸ್ಯಗಾರನನ್ನು ಹನುಮನಾಯಕ ಎಂದು ಕರೆದು ಮೇಳದಲ್ಲಿ (ಯಕ್ಷಗಾನ ತಂಡದಲ್ಲಿ) ಅಷ್ಟು ಗೌರವ ಕೊಟ್ಟದ್ದರ ಹಿಂದೆ ಈ ಕೆಲಸವೂ ಇದೆ ಎಂದು ನಾನು ನಂಬುತ್ತೇನೆ.

ಜುಲೈ ಕೊನೆ

ಹದಿನೇಳನೇ ಕ್ಯಾಸೆಟ್, ನಳ ದಮಯಂತಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಕಾರ್ಕೋಟಕ ಸರ್ಪ ಕಚ್ಚಿ ರೂಪಗೆಟ್ಟ ನಳನೇ ಬಾಹುಕ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನಲ್ಲಿ ಆ ಪಾತ್ರ ಹಾಸ್ಯಗಾರರ ಪಾಲಿನದು. ಬಾಹುಕ ಓಡಿಸುವ ರಥದಲ್ಲಿ ಕೂತ ರಾಜ ಋತುಪರ್ಣನ ಉತ್ತರೀಯ ಗಾಳಿಗೆ ಹಾರುತ್ತದೆ, ರಥ ನಿಲ್ಲಿಸು ಎನ್ನುತ್ತಾನೆ, ಅದು ಬಿದ್ದಲ್ಲಿಂದ ನಾವು ಯೋಜನ ದೂರ ಬಂದಾಯಿತು ಎಂದು ಬಾಹುಕ ಹೇಳುತ್ತಾನೆ. ಟೇಪಿನಲ್ಲಿ ಇಲ್ಲಿ ಗದ್ದೆ ತುಂಬ ನಗು. ಮುಂದೆ ಕುಂಡಿನಪುರದಲ್ಲಿ ತನ್ನ ಮಕ್ಕಳನ್ನೇ ಎದುರು ನಿಲ್ಲಿಸಿದಾಗ ಅದೇ ಸ್ವರ ನಡುಗುತ್ತದೆ. ನಗುತ್ತಿದ್ದವರು ಯಾರೂ ನಗುವುದಿಲ್ಲ. ಅಷ್ಟು ಜನರ ನಡುವೆ ಜೀರುಂಡೆ ಕೇಳುತ್ತದೆ. ನಾನು ಅದನ್ನು ಆರೇಳು ಸಲ ಕೇಳಿದ್ದೇನೆ, ಪ್ರತಿ ಸಲವೂ ಅಲ್ಲಿಗೆ ಬಂದಾಗ ಗಂಟಲು ಕಟ್ಟುತ್ತದೆ.

ಯಾರು ಇವರು? ಒಬ್ಬರು ವಿಟ್ಲ ಜೋಷಿ ಎಂದರು. ಇನ್ನೊಬ್ಬರು ಪೆರುವಡಿ ನಾರಾಯಣ ಭಟ್ಟರೇ, ಅವರ ಪಾಪಣ್ಣನ ಪಾತ್ರವನ್ನು ಕೇಳಿದ ಕಿವಿ ಇದು ಎಂದರು. ಅಜ್ಜ, "ಇಬ್ಬರದ್ದೂ ಅಲ್ಲ, ಈ ಸ್ವರ ಸಪೂರ ಉಂಟು" ಎಂದು ತಲೆಯಾಡಿಸಿದರು.

ಆ 'ಸಪೂರ', ಅಂದರೆ ತೆಳು, ಎಂಬ ಮಾತು ನನ್ನನ್ನು ಬಿಡಲಿಲ್ಲ. ಎರಡು ದಿನ ಬಿಟ್ಟು ಹೊಳೆಯಿತು. ಬೆಳಗಿನ ಜಾವಕ್ಕೆ ಮಾವನ ಸೆಲ್ ಕುಗ್ಗಿರಬೇಕು. ರೆಕಾರ್ಡ್ ಮಾಡುವಾಗ ಟೇಪ್ ನಿಧಾನ ಓಡಿದರೆ, ಈಗ ಸರಿ ವೇಗದಲ್ಲಿ ಕೇಳುವಾಗ ಮಾತು ಬಿರುಸಾಗಿ, ಸ್ವರ ಏರಿ ಕೇಳುತ್ತದೆ. ಅದೇ ಕ್ಯಾಸೆಟ್‌ನ ಮೊದಲ ಬದಿಯ ಶ್ರುತಿಯನ್ನು ಎರಡನೇ ಬದಿಯ ಶ್ರುತಿಯ ಜೊತೆ ಹೋಲಿಸಿದೆ. ಭಾಗವತರು ಅವರೇ, ಶ್ರುತಿ ಮಾತ್ರ ಸುಮಾರು ಒಂದು ಸ್ವರದಷ್ಟು ಮೇಲೆ. ಅದೂ ಒಮ್ಮೆಲೇ ಅಲ್ಲ, ಕೊನೆಗೆ ಹೋದಂತೆ ಏರುತ್ತಾ ಹೋಗಿದೆ. ಐದೈದು ನಿಮಿಷದ ತುಂಡು ಮಾಡಿ ಒಂದೊಂದನ್ನೂ ಮೊದಲ ಶ್ರುತಿಗೆ ಇಳಿಸಿದೆ. ನಾಲ್ಕು ರಾತ್ರಿ ಹಿಡಿಯಿತು.

ಆಗಸ್ಟ್, ಮೊದಲ ವಾರ

ಸರಿಪಡಿಸಿದ ಬಾಹುಕನನ್ನು ಅಜ್ಜನ ಮನೆಗೇ ಒಯ್ದು ಕೇಳಿಸಿದೆ. ರಥದ ಭಾಗ ಮುಗಿಯುವ ಮೊದಲೇ ಅವರು ನೇರ ಕೂತರು. "ಪೆರುವಡಿಯವರು. ಈಗ ಸರಿ." ಮತ್ತೆ ಏನೂ ಮಾತಾಡದೆ ಮಕ್ಕಳ ಭಾಗದವರೆಗೂ ಕೇಳಿ ಕಣ್ಣೊರೆಸಿಕೊಂಡರು.

ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಇಬ್ಬರು ಹೇಳಿದ್ದಾರೆ, ಜೋಷಿಯವರೆಂದವರು ಇನ್ನೂ ಹೊಸ ಪ್ರತಿ ಕೇಳಿಲ್ಲ. ಅವರೂ ಒಪ್ಪಿದ ದಿನ ಪೆನ್ನಿನಲ್ಲಿ ಬರೆಯುತ್ತೇನೆ. ಈ ಅನುಭವದ ಮೇಲೆ, ಈಗಾಗಲೇ ಹೆಸರು ಹಾಕಿದ್ದ ಎಲ್ಲ ಕ್ಯಾಸೆಟ್‌ಗಳ ಶ್ರುತಿಯನ್ನೂ ಇನ್ನೊಮ್ಮೆ ನೋಡಿದೆ, ಎರಡು ಹೆಸರು ಅಳಿಸಬೇಕಾಯಿತು.

ತುಳು ಪ್ರಸಂಗಗಳ ನಾಲ್ಕು ಕ್ಯಾಸೆಟ್‌ಗಳಲ್ಲಿ ಹುಡುಕಾಟವೇ ಬೇಕಾಗಲಿಲ್ಲ. ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಒಂದು ಮಾತು ಕೇಳಿದ್ದೇ ತಡ, ಅಡುಗೆಮನೆಯಿಂದ ಅತ್ತೆ ಹೆಸರು ಹೇಳಿದರು.

ಇಲ್ಲಿವರೆಗೆ 19 ಕ್ಯಾಸೆಟ್ ಏರಿಸಿ ಆಗಿದೆ, 12ಕ್ಕೆ ಹೆಸರು ಸಿಕ್ಕಿದೆ. ಇಪ್ಪತ್ತನೆಯದು ಚಂದ್ರಾವಳಿ ವಿಲಾಸ. ಅದರ ಹಾಸ್ಯಪಾತ್ರ ಚಂದಗೋಪನನ್ನು ಮಾಡಿದವರು ಯಾರೆಂದು ಬರೆದಿಲ್ಲ, 'ಹಾಸ್ಯ ಭಾರೀ ಲಾಯಕ್ಕು' ಎಂದು ಎರಡು ಗೆರೆ ಎಳೆದಿದೆ. ಒಳಗಿನ ಸ್ಪಂಜಿನ ತುಂಡು ಉದುರಿಹೋಗಿದೆ. ನಾಳೆ ಚಿಪ್ಪು ಬಿಚ್ಚಿ ಬೇರೊಂದು ಅಂಟಿಸಬೇಕು.