ವಾಪಸ್ ಬಂದ ಲೆನ್ಸ್ ನಮ್ಮದಲ್ಲ

ಬಳಸಿದ ಕ್ಯಾಮೆರಾ, ಲೆನ್ಸ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಕಡೆ ನನ್ನ ಕೆಲಸ. ಫೋಟೊ ತೆಗೆಯುವುದು, ಪ್ಯಾಕ್ ಮಾಡುವುದು, ವಾಪಸ್ ಬಂದದ್ದನ್ನು ಬಿಚ್ಚಿ ನೋಡುವುದು ಎಲ್ಲವೂ ನನ್ನ ಪಾಲಿಗೆ. ಸೇರಿದ ಹೊಸದರಲ್ಲಿ ಒಂದು ಲೆನ್ಸ್ ಹಿಂದಕ್ಕೆ ಬಂತು. ‘ಒಳಗೆ ಫಂಗಸ್ ಇದೆ’ ಅನ್ನೋದು ದೂರು. ಟಾರ್ಚ್ ಹಿಡಿದು ನೋಡಿದೆ. ಫಂಗಸ್ ಇದ್ದದ್ದು ನಿಜ, ಆದರೆ ಲೆನ್ಸೇ ನಮ್ಮದಲ್ಲ! ಅದೇ ಕಂಪನಿ, ಅದೇ ಮಾಡೆಲ್. ಫೋಕಸ್ ರಿಂಗ್‌ನ ರಬ್ಬರ್ ಮಾತ್ರ ಸವೆದು ನುಣ್ಣಗಾಗಿತ್ತು. ನಾನೇ ಒರೆಸಿ ಕಳಿಸಿದ್ದು ನನಗೆ ಗೊತ್ತಾಗದೆ ಇದ್ದೀತೆ?

ಗೊತ್ತಾಗಿ ಏನು ಬಂತು. ತಕರಾರು ತೀರ್ಮಾನಿಸುವವರು ಎರಡು ಲೆನ್ಸನ್ನೂ ಕಂಡವರಲ್ಲ. ಸೀರಿಯಲ್ ನಂಬರ್ ಕಾಣುವ ಫೋಟೊ ಕೊಡಿ ಅಂದರು. ನಾನು ತೆಗೆದ ಹತ್ತು ಫೋಟೊಗಳಲ್ಲೂ ಲೆನ್ಸ್ ಮದುಮಗಳ ಹಾಗೆ ಕಂಗೊಳಿಸುತ್ತಿತ್ತು, ನಂಬರ್ ಒಂದರಲ್ಲೂ ಇರಲಿಲ್ಲ. ದುಡ್ಡು ಕೊಂಡವರಿಗೆ ಹೋಯಿತು, ಫಂಗಸ್ ನಮಗೆ ಉಳಿಯಿತು.

ಆಮೇಲೆ ಎರಡು ಸಲ ಫೋಟೊ ತೆಗೆಯತೊಡಗಿದೆ. ಮೊದಲನೆಯದು ಕೊಳ್ಳುವವರಿಗೆ. ಇನ್ನೊಂದು, ಮುಂದೆಂದೋ ಜಗಳ ಬಗೆಹರಿಸಲು ಕೂರುವ ಅಪರಿಚಿತರಿಗೆ: ಸೀರಿಯಲ್ ನಂಬರ್, ಗಾಜಿನ ಗೀರು, ಸ್ಕ್ರೂ ತಲೆಯ ತುಕ್ಕು. ಫೋನ್ ಮಾರುವವರಿಗೆ ಒಂದೊಂದು ಫೋನಿಗೂ ಬೇರೆಯದೇ ಆದ 15 ಅಂಕಿಯ ನಂಬರ್, ಐಎಂಇಐ, ಇದ್ದೇ ಇದೆ. ಪ್ಯಾಕಿಂಗ್ ವಿಡಿಯೊ ನಡುವೆ ತುಂಡಾಗಬಾರದು. ವಸ್ತು ಪೆಟ್ಟಿಗೆಗೆ ಇಳಿದು, ಟೇಪ್ ಬಿದ್ದು, ವಿಳಾಸದ ಚೀಟಿ ಅಂಟಿ, ತಕ್ಕಡಿ ಏರುವವರೆಗೂ ಒಂದೇ ಓಟ. ‘ಖಾಲಿ ಪೆಟ್ಟಿಗೆ ಬಂತು’ ಎಂದವರ ಎದುರು ಒಮ್ಮೆ ನಮ್ಮನ್ನು ಕಾಪಾಡಿದ್ದು ಕೊರಿಯರ್ ರಸೀದಿಯಲ್ಲಿದ್ದ ತೂಕ.

ಇಷ್ಟೆಲ್ಲ ಮಾಡಿಯೂ ಮತ್ತೊಮ್ಮೆ ಎಡವಿದೆ. ಜಾಗ ತುಂಬಿತೆಂದು ಹಳೆಯ ವಿಡಿಯೊಗಳನ್ನು ಅಳಿಸಿದ್ದೆ. ಎರಡೂವರೆ ತಿಂಗಳು ಕಳೆದ ಮೇಲೆ, ‘ಬೇರೆಯದೇ ವಸ್ತು ಬಂತು’ ಎಂದು ಒಬ್ಬರು ತಮ್ಮ ಬ್ಯಾಂಕಿಗೆ ದೂರು ಕೊಟ್ಟರು. ಖಾತೆಗೆ ಬಂದಿದ್ದ ಹಣ ಹಾಗೇ ಹಿಂದಕ್ಕೆ ಹೋಯಿತು. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಪಾವತಿಗಳಲ್ಲಿ ಹೆಚ್ಚಿನ ತಕರಾರುಗಳಿಗೆ 120 ದಿನಗಳ ಅವಕಾಶವಿರುತ್ತದೆ ಎಂದು ಆಗ ತಿಳಿಯಿತು. ಈಗ ಆರು ತಿಂಗಳು ಏನನ್ನೂ ಅಳಿಸುವುದಿಲ್ಲ.

ಉಳಿದ ಆಟಗಳು ಹಳೆಯವೇ. ಪಾವತಿಯ ಸ್ಕ್ರೀನ್‌ಶಾಟ್ ಕಳಿಸಿದರೆ ನಾನು ಖಾತೆಯನ್ನೇ ತೆರೆದು ನೋಡುತ್ತೇನೆ. ಹಣ ಕಟ್ಟಿದ ಮೇಲೆ ಬೇರೆ ವಿಳಾಸ ಕೊಟ್ಟರೆ ಆರ್ಡರ್ ರದ್ದು ಮಾಡಿ, ಹೊಸ ವಿಳಾಸಕ್ಕೇ ಮತ್ತೆ ಮಾಡಿ ಅನ್ನುತ್ತೇನೆ. ಕೊಳ್ಳುವವರ ಪ್ರೊಫೈಲ್ ಸ್ವಚ್ಛವಾಗಿದೆ ಎಂದು ನಂಬಿ ಕೂರುವುದೂ ಇಲ್ಲ. ಇಬೇ ಎಂಬ ಮಾರಾಟದ ವೆಬ್‌ಸೈಟಿನಲ್ಲಂತೂ 2008ರಿಂದ ಮಾರುವವರು ಕೊಳ್ಳುವವರಿಗೆ ಕೆಟ್ಟ ರೇಟಿಂಗ್ ಕೊಡುವಂತೆಯೇ ಇಲ್ಲ.

ಅನುಮಾನ ಅಭ್ಯಾಸವಾಗಿಬಿಟ್ಟರೆ ಅದೂ ಕಷ್ಟವೇ. ಕಳೆದ ಸಲ ಫಿಲ್ಟರ್ ಒಡೆದು ಬಂದಿದೆ ಎಂದವರಿಗೆ, ‘ನಮ್ಮ ಬಳಿ ವಿಡಿಯೊ ಇದೆ’ ಎಂದು ಬಿರುಸಾಗಿಯೇ ಬರೆದೆ. ತೆಗೆದು ನೋಡಿದರೆ, ಒಂದು ಬದಿಗೆ ಬಬಲ್ ಶೀಟ್ ಹಾಕದೆ ಪೆಟ್ಟಿಗೆ ಮುಚ್ಚುತ್ತಿರುವ ಕೈ ನನ್ನದೇ. ಕ್ಷಮೆ ಕೇಳಿ, ಅಂದೇ ಹಣ ವಾಪಸ್ ಹಾಕಿಸಿದೆ.