ಸಾವಿರ ಮಣಿ, ಒಂದು ಬಲೆ: ಕಡಲಾಮೆ ಪಾಠದ ಐದು ವಾರ

ಶನಿವಾರಕ್ಕೊಂದು ಗಂಟೆ, 8ರಿಂದ 11 ವಯಸ್ಸಿನ ಹದಿನಾಲ್ಕು ಮಕ್ಕಳು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ವಾರ 1

ಡಬ್ಬಿಯಲ್ಲಿ 999 ಬಿಳಿ ಮಣಿ, ಒಂದೇ ಒಂದು ಕೆಂಪು ಮಣಿ. ಸಾವಿರ ಮರಿಗಳಲ್ಲಿ ಬೆಳೆದು ದೊಡ್ಡದಾಗುವುದು ಸುಮಾರು ಒಂದು ಅಂತಾರಲ್ಲ, ಅದನ್ನು ಕಣ್ಣಿಗೆ ಕಾಣುವಂತೆ ಮಾಡೋಣ ಅಂದುಕೊಂಡಿದ್ದೆ. ಕಾಣಿಸಿತು, ಸ್ವಲ್ಪ ಜಾಸ್ತಿಯೇ ಕಾಣಿಸಿತು. ಒಬ್ಬ ಹುಡುಗಿ ಡಬ್ಬಿ ಮುಚ್ಚಿ, "ಹಾಗಾದ್ರೆ ಮೊಟ್ಟೆ ಯಾಕೆ ಇಡಬೇಕು ಮಿಸ್?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲರ ಮುಖ ಬಾಡಿತು.

ವಾರ 2

ಅವಳ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಗೂಡಿಗೆ ಸುಮಾರು ನೂರು ಮೊಟ್ಟೆ. ಒಂದು ಋತುವಿನಲ್ಲಿ ನಾಲ್ಕು ಗೂಡು ಅಂತಿಟ್ಟುಕೊಳ್ಳೋಣ. ಅಂಥ ಐದು ಋತು. ಗುಣಿಸಿದ್ದು ಮಕ್ಕಳೇ: 2,000. (ಮರಿಯಾಗದೇ ಹೋಗುವ ಮೊಟ್ಟೆಗಳ ಲೆಕ್ಕ ಸದ್ಯಕ್ಕೆ ಬಿಟ್ಟೆ.) ಸಾವಿರಕ್ಕೊಂದರಂತೆ ಉಳಿಯುವುದು ಎರಡು. ಹಿಂದಿನಿಂದ ಒಬ್ಬ ಕೂಗಿದ, "ಅಮ್ಮನ ಬದಲು ಒಂದು, ಅಪ್ಪನ ಬದಲು ಒಂದು. ಸಮ ಆಯ್ತು!"

ಹೌದಲ್ವಾ! ಈಗ ನಾನು ಕೇಳಿದೆ: ಮೊದಲ ಋತುವಿನಲ್ಲೇ ಅಮ್ಮ ಬಲೆಗೆ ಸಿಕ್ಕಿ ಸತ್ತರೆ? ಬರೀ 400 ಮೊಟ್ಟೆ. ಒಂದು ಕೆಂಪು ಮಣಿಯೂ ಗ್ಯಾರಂಟಿ ಇಲ್ಲ. ಹಸಿರು ಕಡಲಾಮೆಗೆ ಮೊಟ್ಟೆ ಇಡುವ ವಯಸ್ಸು ಬರಲು ಇಪ್ಪತ್ತು ವರ್ಷವಾದರೂ ಬೇಕು. ಆಮೆಗೂ ಮೇಲೆ ಬಂದು ಉಸಿರಾಡಲೇಬೇಕು, ಬಲೆಯಲ್ಲಿ ಸಿಕ್ಕಿದರೆ ನೀರಿನಲ್ಲೇ ಉಸಿರು ಕಟ್ಟುತ್ತದೆ ಅಂದಾಗ ಅರ್ಧ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ.

ನಾನೋ ಇಡೀ ಪಾಠವನ್ನು ಮುದ್ದು ಮರಿಗಳ ಸುತ್ತ ಕಟ್ಟಿದ್ದೆ. ದೊಡ್ಡ ಆಮೆ ಇದ್ದದ್ದು ಒಂದೇ ಚಿತ್ರದಲ್ಲಿ. ಮನೆಗೆ ಬಂದು ಯೋಜನೆ ತಿದ್ದಿದೆ.

ವಾರ 3

ಆದರೂ ಮರಿಗಳ ಆಟ ಬಿಡಲಿಲ್ಲ. ಗೂಡಿನಿಂದ ಬಂದ ಮರಿ ಬೆಳಕು ನೋಡಿಕೊಂಡೇ ಸಮುದ್ರದ ಕಡೆ ಹೋಗುತ್ತದೆ, ದಡದ ದೀಪ ಕಂಡರೆ ದಾರಿ ತಪ್ಪುತ್ತದೆ, ಅದೇ ಆಟ. ಕೋಣೆ ಕತ್ತಲು ಮಾಡಿ, ಒಂದು ಗೋಡೆಗೆ ಮಂದ ಬೆಳಕಿನ ಬಿಳಿ ಬಟ್ಟೆ ಕಟ್ಟಿದೆ, ಅದೇ ಸಮುದ್ರ. ಮಕ್ಕಳು ಅಂಬೆಗಾಲಿನಲ್ಲಿ ಹೋಗಬೇಕು. ಎದುರು ಗೋಡೆಯ ಬಳಿ ಟೇಬಲ್ ಲ್ಯಾಂಪ್ ಹಾಕಿದರೆ ಯಾರೂ ಮೋಸ ಹೋಗಲಿಲ್ಲ. ಉತ್ತರ ಮೊದಲೇ ಗೊತ್ತಲ್ಲ! ತೆಳ್ಳನೆ ಬಟ್ಟೆಯಿಂದ ಕಣ್ಣು ಕಟ್ಟಿ, ಮೂರು ಸುತ್ತು ತಿರುಗಿಸಿ ಬಿಟ್ಟ ಮೇಲೆ ಹತ್ತು ಜನ ನೇರ ಲ್ಯಾಂಪಿನ ಕಡೆ ಹೊರಟರು. ಎರಡು ತಲೆ ಡಿಕ್ಕಿ ಹೊಡೆದವು.

ಮರಳಿನ ಬಿಸಿಯ ಪಾಠ ಬೇಗ ಮುಗಿಯಿತು. ಗೂಡು ಬಿಸಿಯಾದಷ್ಟೂ ಹೆಣ್ಣು ಮರಿ ಜಾಸ್ತಿ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಉತ್ತರದ ದಡಗಳಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ 99%ಕ್ಕಿಂತ ಹೆಚ್ಚು ಹೆಣ್ಣು ಎಂದು 2018ರಲ್ಲಿ ಗೊತ್ತಾಯಿತು ಅಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು, ಆಮೇಲೆ ಯೋಚಿಸಿ ನಿಲ್ಲಿಸಿದರು.

ವಾರ 4

ಏಳು ಜಾತಿಗೆ ಏಳು ಕಾರ್ಡು, ಲ್ಯಾಮಿನೇಟ್ ಮಾಡಿಸಿ ತಂದಿದ್ದೆ. ಹಸಿರು ಆಮೆಯ ಕಾರ್ಡಿನಲ್ಲಿ "ಅಳಿವಿನ ಅಂಚಿನಲ್ಲಿದೆ" ಎಂದಿತ್ತು. "ತಪ್ಪು ಮಿಸ್," ಅಂದ ಒಬ್ಬ. ನೋಡಿದರೆ ಅವನೇ ಸರಿ. ಯಾವ ಜೀವಿಗೆ ಎಷ್ಟು ಅಪಾಯ ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2025ರ ಅಕ್ಟೋಬರ್‌ನಲ್ಲೇ ಅದನ್ನು ಆ ಪಟ್ಟಿಯಿಂದ ಇಳಿಸಿದೆ. ಹಳೇ ಕಾರ್ಡ್ ಬಿಸಾಡಲಿಲ್ಲ. ಹೊಸದನ್ನು ಪಕ್ಕದಲ್ಲಿಟ್ಟು, ನಡುವೆ ಏನೇನಾಯಿತು ಎಂದು ಮಕ್ಕಳಿಂದಲೇ ಬರೆಸಿದೆ: ದಡಕ್ಕೆ ಕಾವಲು, ಮೊಟ್ಟೆ ಕದಿಯುವುದಕ್ಕೆ ತಡೆ, ಬಲೆಯಲ್ಲಿ ಬದಲಾವಣೆ. ಕೆಲವು ಕಡೆ ಹಸಿರು ಆಮೆಗೆ ಈಗಲೂ ಕಷ್ಟವಿದೆ, ಹಾಕ್ಸ್‌ಬಿಲ್ ಮತ್ತು ಕೆಂಪ್ಸ್ ರಿಡ್ಲಿ ಜಾತಿಗಳ ಗತಿಯಂತೂ ಇನ್ನೂ ತೀರಾ ಕೆಟ್ಟದಾಗಿದೆ ಎಂದು ಸೇರಿಸಿದೆ. ಕಾರ್ಡ್ ಮೇಲೆ "ಪಾಸ್" ಅಂತ ಬರೆಯೋಣವಾ ಎಂದು ಕೇಳಿದರು. ಪೆನ್ಸಿಲ್‌ನಲ್ಲಿ ಬರೀರಿ ಅಂದೆ.

ವಾರ 5

"ಬಲೆಯಲ್ಲಿ ಏನು ಬದಲಾವಣೆ?" ಎಂಬ ಪ್ರಶ್ನೆ ಉಳಿದಿತ್ತು. ಸೀಗಡಿ ಹಿಡಿಯುವ ಬಲೆಯೊಳಗೆ ಓರೆಯಾಗಿ ಸರಳುಗಳ ಚೌಕಟ್ಟು ಕೂರಿಸುತ್ತಾರೆ. ಸೀಗಡಿ ಸಂದಿಯಲ್ಲಿ ನುಸುಳಿ ಹಿಂದೆ ಹೋಗುತ್ತದೆ, ಆಮೆ ಸರಳಿನ ಮೇಲೆ ಜಾರಿ ತೂತಿನಿಂದ ಹೊರಬೀಳುತ್ತದೆ. ನಾವು ಜಾಲರಿ ಚೀಲ, ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡಿದೆವು. ಮೊದಲ ವಾರದ ಮಣಿಗಳೇ ಸೀಗಡಿ, ಬಾಟಲಿ ಮುಚ್ಚಳ ಆಮೆ.

ಟಬ್ಬಿನ ನೀರಿನಲ್ಲಿ ಎಳೆದಾಗ ಮುಚ್ಚಳ ಕಡ್ಡಿಗೆ ಬಡಿದು ಅಲ್ಲೇ ಅಂಟಿಕೊಂಡಿತು. ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದ್ದೆವು. ಯಾವಾಗಲೂ ಸುಮ್ನೆ ಕೂರುವ ಹುಡುಗ ಕೈ ಹಾಕಿ ಚೌಕಟ್ಟನ್ನು ಹಿಂದಕ್ಕೆ ವಾಲಿಸಿದ. ಮತ್ತೆ ಎಳೆದೆವು. ಮುಚ್ಚಳ ಕಡ್ಡಿಯ ಮೇಲೆ ಸರ್ರನೆ ಜಾರಿ ಮೇಲಿನ ತೂತಿನಿಂದ ಈಚೆ ಬಂತು. ಆ ಗದ್ದಲಕ್ಕೆ ಪಕ್ಕದ ಕೋಣೆಯವರು ಬಂದು ಇಣುಕಿದರು.

ಡಬ್ಬಿ ಮುಚ್ಚಿದ ಹುಡುಗಿ ಒಂದು ದೊಡ್ಡ ಜಾಡಿ ಮುಚ್ಚಳ ತಂದಳು. "ಇದು ಲೆದರ್‌ಬ್ಯಾಕ್." ತೂತಿಗೆ ಹಿಡಿಸಲಿಲ್ಲ. ನಿಜವಾಗಿ ಆದದ್ದೂ ಹೀಗೇ. ಅಮೆರಿಕದಲ್ಲಿ ಮೊದಲು ಬಳಸಿದ ಚೌಕಟ್ಟುಗಳ ತೂತು 500 ಕಿಲೋ ದಾಟಬಲ್ಲ ಈ ಆಮೆಗೆ ಸಾಲುತ್ತಿರಲಿಲ್ಲ, ದೊಡ್ಡದು ಮಾಡಿಸುವ ನಿಯಮ ಬಂದದ್ದು 2003ರಲ್ಲಿ. ನಾವೂ ಕತ್ತರಿ ಹಾಕಿದೆವು. ಲೆದರ್‌ಬ್ಯಾಕ್ ಹೊರಗೆ ಬಂತು, ಜೊತೆಗೆ ಹನ್ನೊಂದು ಮಣಿಗಳೂ ಬಂದವು.

"ಮೀನು ಹಿಡಿಯೋರು ಬೈತಾರೆ," ಅಂದ ಒಬ್ಬ. ಮುಂದಿನ ಶನಿವಾರಕ್ಕೆ ತೂತಿಗೆ ಪರದೆ ಹೊಲಿಯಬೇಕು. ಯಾವ ಬಟ್ಟೆ ಆಗಬಹುದು ಎಂದು ನೋಡಲು ಅವಳು ಜಾಡಿ ಮುಚ್ಚಳವನ್ನು ಮನೆಗೇ ಒಯ್ದಿದ್ದಾಳೆ.