ಟ್ರೇಲರ್ ಬ್ರೇಕ್ ಕಂಟ್ರೋಲರ್ ಇರಬೇಕಾದದ್ದು ಕೈಗೆ ಎಟುಕುವಲ್ಲಿ

ವಿದ್ಯುತ್ ಬ್ರೇಕ್ ಇರುವ ಟ್ರೇಲರ್ ಎಳೆಯಲು ವಾಹನಕ್ಕೆ ಬ್ರೇಕ್ ಕಂಟ್ರೋಲರ್ ಹಾಕಿಸುವವರಲ್ಲಿ ಬಹಳಷ್ಟು ಜನ ಮೊದಲು ಯೋಚಿಸುವುದು, ಡ್ಯಾಶ್‌ಬೋರ್ಡಿನ ಅಂದ ಕೆಡದಂತೆ ಅದನ್ನು ಎಲ್ಲಿ ಮರೆಮಾಡಬಹುದು ಎಂದು. ಆ ಯೋಚನೆ ತಪ್ಪಲ್ಲ, ಆದರೆ ಅದು ಕೊನೆಗೆ ಬರಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾಗವನ್ನು ನಿರ್ಧರಿಸಬೇಕಾದದ್ದು ಚಾಲಕನ ಕೈ.

ಬ್ರೇಕ್ ಪೆಡಲ್ ಒತ್ತಿದಾಗ ಕಂಟ್ರೋಲರ್ ತಾನಾಗಿಯೇ ಟ್ರೇಲರಿನ ಬ್ರೇಕುಗಳಿಗೆ ವಿದ್ಯುತ್ ಹರಿಸುತ್ತದೆ. ಅಷ್ಟೇ ಆಗಿದ್ದರೆ ಅದು ಕಣ್ಣಿಗೆ ಕಾಣದ ಮೂಲೆಯಲ್ಲಿದ್ದರೂ ನಡೆಯುತ್ತಿತ್ತು. ಆದರೆ ಅದರ ಮೇಲೆ ಒಂದು ಮ್ಯಾನುಯಲ್ ಲಿವರ್ ಅಥವಾ ಗುಂಡಿ ಇರುತ್ತದೆ. ವೇಗದಲ್ಲಿ ಹೋಗುವಾಗ ಬಲವಾದ ಅಡ್ಡಗಾಳಿಗೋ ಪಕ್ಕದಲ್ಲಿ ಸಾಗಿಹೋದ ದೊಡ್ಡ ಲಾರಿಯ ಗಾಳಿಗೋ ಟ್ರೇಲರ್ ಎಡಬಲಕ್ಕೆ ಓಲಾಡತೊಡಗಿದರೆ, ವಾಹನದ ಬ್ರೇಕ್ ಜೋರಾಗಿ ಒತ್ತುವುದು ಅಪಾಯಕಾರಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ಆ ಲಿವರನ್ನು ಮೆಲ್ಲಗೆ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಸಿದರೆ, ಅದು ಹಿಂದಕ್ಕೆ ಜಗ್ಗಿ ತಾನೇ ನೇರವಾಗುತ್ತದೆ. ಆ ಒಂದೆರಡು ಕ್ಷಣಗಳಲ್ಲಿ ರಸ್ತೆಯಿಂದ ಕಣ್ಣು ಕೀಳದೆ, ಬಗ್ಗದೆ, ತಡಕಾಡದೆ ಕೈ ಲಿವರಿನ ಮೇಲೆ ಬೀಳಬೇಕು.

ಆದ್ದರಿಂದ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ವಾಹನವನ್ನು ನಿಲ್ಲಿಸಿ, ಸೀಟನ್ನು ದಿನವೂ ಓಡಿಸುವ ಸ್ಥಾನಕ್ಕೆ ತಂದು, ಬೆಲ್ಟ್ ಕಟ್ಟಿಕೊಂಡು, ಒಂದು ಕೈಯನ್ನು ಸ್ಟೀರಿಂಗಿನ ಮೇಲಿಟ್ಟು, ಇನ್ನೊಂದು ಕೈಯನ್ನು ಕಣ್ಣು ಮುಚ್ಚಿಕೊಂಡು ಕೆಳಗಿಳಿಸಿ ನೋಡಿ. ಹೆಚ್ಚಿನ ವಾಹನಗಳಲ್ಲಿ ಆ ಕೈ ಸಹಜವಾಗಿ ಹೋಗಿ ನಿಲ್ಲುವುದು ಸ್ಟೀರಿಂಗ್ ಕಾಲಂ ಮತ್ತು ನಡುವಿನ ಕನ್ಸೋಲ್ ಮಧ್ಯದಲ್ಲಿ, ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಬಳಿ. ನಾನು ಮೊದಲು ಪರಿಶೀಲಿಸುವ ಜಾಗವೂ ಅದೇ. ಬಾಗಿಲಿನ ಬದಿ ನನಗೆ ಒಪ್ಪಿಗೆಯಾಗುವುದಿಲ್ಲ: ಹತ್ತಿ ಇಳಿಯುವಾಗ ಕಾಲು ತಗಲುತ್ತದೆ, ಬಾನೆಟ್ ತೆರೆಯುವ ಹಿಡಿ ಮತ್ತು ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಅಲ್ಲೇ ಇರುತ್ತವೆ.

ಕೈ ಒಪ್ಪಿದ ಜಾಗವನ್ನು ಮೊಣಕಾಲೂ ಒಪ್ಪಬೇಕು. ಪೆಡಲಿನಿಂದ ಪೆಡಲಿಗೆ ಕಾಲು ಸರಿಯುವಾಗ ಕಂಟ್ರೋಲರಿನ ಮೂಲೆ ತಗಲುವಂತಿದ್ದರೆ ಆ ಜಾಗ ಬೇಡ. ಅಪಘಾತದಲ್ಲಿ ಮೊಣಕಾಲು ಮುಂದಕ್ಕೆ ಹೋಗಿ ಅಪ್ಪಳಿಸುವುದು ಆ ಮೂಲೆಗೇ. ಅದಕ್ಕಿಂತ ಮುಖ್ಯವಾದದ್ದು ಏರ್‌ಬ್ಯಾಗ್. ಈಗಿನ ಅನೇಕ ವಾಹನಗಳಲ್ಲಿ ಚಾಲಕನ ಮೊಣಕಾಲಿಗೂ ಒಂದು ಏರ್‌ಬ್ಯಾಗ್ ಇದ್ದು, ಅದು ಸ್ಟೀರಿಂಗ್ ಕಾಲಮಿನ ಕೆಳಗಿನ ಫಲಕದ ಹಿಂದೆ, ಅಂದರೆ ನಾವು ಕಂಟ್ರೋಲರ್ ಕೂರಿಸಲು ಬಯಸುವ ನೆರೆಯಲ್ಲೇ ಮಡಿಸಿಕೊಂಡಿರುತ್ತದೆ. ಅದರ ಮುಚ್ಚಳಕ್ಕೆ ತೂತು ಕೊರೆಯುವುದಾಗಲಿ, ಅದು ಉಬ್ಬಿ ಹೊರಬರುವ ದಾರಿಯಲ್ಲಿ ಗಟ್ಟಿ ವಸ್ತು ಇಡುವುದಾಗಲಿ ಎಂದಿಗೂ ಕೂಡದು. ವಾಹನದ ಕೈಪಿಡಿಯಲ್ಲಿ ಏರ್‌ಬ್ಯಾಗುಗಳ ನಕ್ಷೆ ಇರುತ್ತದೆ. ಹತ್ತು ನಿಮಿಷ ಅದರ ಮುಂದೆ ಕೂರುವುದು ಖಂಡಿತ ವ್ಯರ್ಥವಲ್ಲ.

ಮೂರನೆಯದಾಗಿ ಒಪ್ಪಬೇಕಾದದ್ದು ಕಂಟ್ರೋಲರಿನ ಒಳಗಿರುವ ಸಂವೇದಕ. ಟೈಮ್ ಡಿಲೇ ಬಗೆಯದಾದರೆ ಈ ಚಿಂತೆ ಇಲ್ಲ, ಏಕೆಂದರೆ ಅದು ಪೆಡಲ್ ಒತ್ತಿದ ಕೂಡಲೇ ನಿಗದಿತ ಕ್ರಮದಲ್ಲಿ ವಿದ್ಯುತ್ ಏರಿಸುತ್ತಾ ಹೋಗುತ್ತದೆ. ಪ್ರೊಪೋರ್ಷನಲ್ ಬಗೆಯದು ಹಾಗಲ್ಲ. ವಾಹನ ಎಷ್ಟು ಬಿರುಸಾಗಿ ನಿಧಾನಗೊಳ್ಳುತ್ತಿದೆ ಎಂಬುದನ್ನು ಅಳೆದು ಅದಕ್ಕೆ ತಕ್ಕಂತೆ ಟ್ರೇಲರಿನ ಬ್ರೇಕ್ ಹಿಡಿಸುತ್ತದೆ. ಹೀಗಾಗಿ ಹೆಚ್ಚಿನ ಮಾದರಿಗಳನ್ನು ವಾಹನ ಸಾಗುವ ದಿಕ್ಕಿಗೆ ನೇರವಾಗಿಯೇ ಕೂರಿಸಬೇಕು. ಮುಖ ಮೇಲಕ್ಕೋ ಕೆಳಕ್ಕೋ ವಾಲುವುದಕ್ಕೆ ಹೊಸ ಮಾದರಿಗಳು ಸಾಕಷ್ಟು ಅವಕಾಶ ಕೊಡುತ್ತವೆ, ಆದರೆ ಪರದೆ ಚೆನ್ನಾಗಿ ಕಾಣಲೆಂದು ಅದನ್ನು ಚಾಲಕನ ಕಡೆಗೆ ಓರೆಯಾಗಿ ತಿರುಗಿಸಿದರೆ ಅಳತೆಯೇ ಕೆಡುತ್ತದೆ. ತೆಳು ಪ್ಲಾಸ್ಟಿಕ್ಕಿಗೆ ಅಂಟುಪಟ್ಟಿಯಲ್ಲಿ ಅಂಟಿಸುವುದೂ ಇದೇ ಕಾರಣಕ್ಕೆ ಬೇಡ: ಪ್ರತಿ ಹಳ್ಳಕ್ಕೂ ಅಲುಗುವ ಸಂವೇದಕಕ್ಕೆ ರಸ್ತೆಯ ಕುಲುಕೂ ಬ್ರೇಕಿನ ಸೆಳೆತವೂ ಒಂದರೊಳಗೊಂದು ಬೆರೆತುಹೋಗುತ್ತವೆ.

ಕೂರಿಸುವ ಕೆಲಸದಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದಾಗಿ, ಫಲಕದ ಹಿಂದೆ ಏನಿದೆ ಎಂದು ಟಾರ್ಚ್ ಹಿಡಿದು ನೋಡದೆ ಕೊರೆಯಬಾರದು. ತಂತಿಗಳ ಕಟ್ಟು ಹಲವೆಡೆ ಫಲಕಕ್ಕೆ ತಾಗಿಕೊಂಡೇ ಹಾಯ್ದಿರುತ್ತದೆ. ಎರಡನೆಯದಾಗಿ, ಕಂಟ್ರೋಲರಿನ ಪಕ್ಕಕ್ಕೆ ಬ್ರಾಕೆಟ್ ಬಿಗಿಯಲು ಪೆಟ್ಟಿಗೆಯಲ್ಲಿ ಕೊಟ್ಟಿರುವ ಮೋಟು ಸ್ಕ್ರೂಗಳನ್ನೇ ಬಳಸಬೇಕು. ಅವು ಮೋಟಾಗಿರುವುದು ಬೇಕೆಂದೇ. ಕೈಗೆ ಸಿಕ್ಕ ಉದ್ದದ ಸ್ಕ್ರೂ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಚುಚ್ಚಿಕೊಳ್ಳಬಹುದು. ಇನ್ನು ಹೀಟರಿನ ಬಿಸಿಗಾಳಿ ನೇರವಾಗಿ ಬಡಿಯುವ ಜಾಗವನ್ನೂ ವೈರ್‌ಲೆಸ್ ಸೆಟ್ಟಿನ ನೆರೆಯನ್ನೂ ಬಿಟ್ಟರೆ ಒಳ್ಳೆಯದು.

ಎಲ್ಲವನ್ನೂ ಒಪ್ಪಿಸುವ ಜಾಗ ಇಕ್ಕಟ್ಟಾದ ವಾಹನದಲ್ಲಿ ಸಿಗದೆಯೂ ಇರಬಹುದು. ಅಂಥವರಿಗೆ ಎರಡು ಭಾಗಗಳ ಕಂಟ್ರೋಲರ್ ಉತ್ತಮ ಎಂದು ನನಗೆ ಅನಿಸುತ್ತದೆ. ರೆಡಾರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ಅಂಥದ್ದು: ಮುಖ್ಯ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಯಾವ ಕೋನದಲ್ಲಾದರೂ ಭದ್ರವಾಗಿ ಕಟ್ಟಬಹುದು, ಓಡಿಸುತ್ತಾ ಹೋದಂತೆ ಅದು ತನ್ನ ದಿಕ್ಕನ್ನು ತಾನೇ ಗುರುತಿಸಿಕೊಳ್ಳುತ್ತದೆ, ಹೊರಗೆ ಕಾಣುವುದು ಒಂದು ಸಣ್ಣ ತಿರುಗುಗುಂಡಿ ಮಾತ್ರ. ಆಗ ಅಂದವೂ ಉಳಿಯುತ್ತದೆ, ಮೊಣಕಾಲೂ ಉಳಿಯುತ್ತದೆ. ಗುಂಡಿಯನ್ನು ಮಾತ್ರ ಮೇಲೆ ಹೇಳಿದಂತೆ ಕೈಯನ್ನೇ ಕೇಳಿ ಕೂರಿಸಬೇಕು.

ಬಿಚ್ಚಿದ ಫಲಕಗಳನ್ನೆಲ್ಲ ಮತ್ತೆ ಮುಚ್ಚುವ ಆತುರ ಬೇಡ. ಟ್ರೇಲರ್ ಜೋಡಿಸಿ, ಸಮತಟ್ಟಾದ, ಒಣಗಿದ, ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತಾ, ಮ್ಯಾನುಯಲ್ ಲಿವರನ್ನು ಪೂರ್ತಿ ಒತ್ತಿ, ಟ್ರೇಲರಿನ ಚಕ್ರಗಳು ಕಚ್ಚಿಕೊಳ್ಳುವುದಕ್ಕಿಂತ ತುಸು ಕೆಳಗೆ ಗೇನ್ (ಟ್ರೇಲರಿನ ಬ್ರೇಕಿಗೆ ಹೆಚ್ಚೆಂದರೆ ಎಷ್ಟು ವಿದ್ಯುತ್ ಹರಿಯಬೇಕೆಂಬ ಮಟ್ಟ) ನಿಲ್ಲುವವರೆಗೆ ಹೊಂದಿಸುವುದು ಹೇಗಿದ್ದರೂ ಮಾಡಲೇಬೇಕಾದ ಕೆಲಸ. ಆ ಓಟದಲ್ಲಿ ಒಮ್ಮೆಯಾದರೂ ಲಿವರ್ ಎಲ್ಲಿದೆ ಎಂದು ಕೆಳಗೆ ನೋಡಬೇಕಾಗಿ ಬಂದರೆ, ಫಲಕ ಮುಚ್ಚುವ ಮೊದಲೇ ಬ್ರಾಕೆಟನ್ನು ಬಿಚ್ಚಿ ಬೇರೆ ಕಡೆ ಕೂರಿಸಿ.